ಮೈಗ್ರೇನ್: ನೋವಿಗೆ ಮೊದಲು ಸಿಡುಕು, ನೋವು ಇಳಿದ ಮೇಲೆ ಮಂಕು

ಕುವೆಂಪುನಗರ_ಲೆಕ್ಚರರ್

ಮೈಗ್ರೇನ್ ಅಂದರೆ ನಮ್ಮಲ್ಲಿ ಮಾತೆಲ್ಲ ನೋವಿನ ಸುತ್ತಲೇ: ಅರ್ಧ ತಲೆ, ವಾಂತಿ, ಕತ್ತಲೆ ಕೋಣೆ, ಗುಳಿಗೆ. ನೋವಿನ ಹಿಂದಿನ ದಿನದ ಕಾರಣವಿಲ್ಲದ ಸಿಡುಕು, ನೋವು ಇಳಿದ ಮೇಲೂ ಒಂದು ಪ್ಯಾರಾ ಓದಿ ತಲೆಗೆ ಹತ್ತಿಸಿಕೊಳ್ಳಲಾಗದ ಮಂಕು, ನಡುವಿನ ಒಳ್ಳೆಯ ದಿನಗಳಲ್ಲೂ ಬಿಡದ ಅಳುಕು, ಇವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆಯಲ್ಲಿ ಮುಂಗೋಪಿ ಅನ್ನಿಸಿಕೊಳ್ಳಬೇಕು, ಆಫೀಸಿನಲ್ಲಿ ಗಮನವಿಲ್ಲದವರು ಅನ್ನಿಸಿಕೊಳ್ಳಬೇಕು. ಇವೆಲ್ಲ ಕಾಯಿಲೆಯ ಭಾಗವೇ, ಗುಳಿಗೆಯ ಪರಿಣಾಮವೇ, ಇಲ್ಲಾ ಖಿನ್ನತೆಯೇ? ಬೇರ್ಪಡಿಸುವುದು ಹೇಗೆ? ಮೈಸೂರು, ಮಂಡ್ಯ ಕಡೆಯ ಬಲ್ಲವರು ಬರೆಯಿರಿ. ಅನುಭವದ ಕಥೆಗಳು ಬೇಕಾದಷ್ಟು ಸಿಗುತ್ತವೆ. ಇಲ್ಲಿ ಗಂಟೆ, ಮಿಲಿಗ್ರಾಂ, ಕ್ರಮ ಇರಲಿ.

ವಾರ್ಡ್_ಸಿಸ್ಟರ್

ಮೊದಲು ಸಮಯದ ಲೆಕ್ಕ. ಒಂದು ದಾಳಿಗೆ ನಾಲ್ಕು ಹಂತ, ಎಲ್ಲರಿಗೂ ನಾಲ್ಕೂ ಬರಬೇಕೆಂದಿಲ್ಲ.

ಮುನ್ಸೂಚನೆಯ ಹಂತ ನೋವಿಗೆ ಕೆಲವು ಗಂಟೆಗಳಿಂದ 48 ಗಂಟೆ ಮುಂಚೆ ಶುರುವಾಗಬಹುದು. ಮೇಲಿಂದ ಮೇಲೆ ಆಕಳಿಕೆ, ಕತ್ತು ಬಿಗಿತ, ಪದೇ ಪದೇ ಮೂತ್ರ, ಸಿಹಿ ತಿನ್ನುವ ಆಸೆ, ಸಿಡುಕು, ಸುಮ್ಮನೆ ಬರುವ ಅಳು. ಕೆಲವರಿಗೆ ಉಲ್ಟಾ, ಮನೆಯೆಲ್ಲ ಒಂದೇ ದಿನದಲ್ಲಿ ತೊಳೆದು ಹಾಕುವಷ್ಟು ಹುರುಪು. ಆಮೇಲೆ ಆರಾ, ಅಂದರೆ ಕಣ್ಣ ಮುಂದೆ ಹೊಳೆಯುವ ಗೆರೆ, ಜೋಮು, ಮಾತಿನ ತಡವರಿಕೆಯಂಥವು, 5ರಿಂದ 60 ನಿಮಿಷ. ಇದು ಹೆಚ್ಚಿನವರಿಗೆ ಬರುವುದೇ ಇಲ್ಲ. ನಂತರ ನೋವು: ಔಷಧ ಕೊಡದಿದ್ದರೆ ದೊಡ್ಡವರಲ್ಲಿ 4ರಿಂದ 72 ಗಂಟೆ. ಕೊನೆಗೆ ನೋವಿನ ನಂತರದ ಹಂತ, ಒಂದೆರಡು ದಿನ: ಸುಸ್ತು, ಮಂಕು, ತಲೆ ಅಲ್ಲಾಡಿಸಿದರೆ ಒಳಗೆ ಒಂದು ನೆನಪಿನ ನೋವು.

ಮೊದಲ ಹಂತದಲ್ಲಿ ಹೈಪೊಥಲಾಮಸ್ ಎಂಬ ಭಾಗದ ಚಟುವಟಿಕೆ ಬದಲಾಗುವುದು ಮೆದುಳಿನ ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡಿದೆ. ಹಸಿವು, ಬಾಯಾರಿಕೆ, ನಿದ್ದೆ, ದೇಹದ ಗಡಿಯಾರ ಎಲ್ಲ ಅದರ ಕೈಯಲ್ಲೇ ಇರುವುದು. ಆಕಳಿಕೆ, ಸಿಹಿಯ ಆಸೆ, ಸಿಡುಕು ಮೂರೂ ಜೊತೆಯಾಗಿ ಬರುವುದು ಅದಕ್ಕೇ. ಸಿಡುಕು ಬಂದದ್ದರಿಂದ ತಲೆನೋವು ಬಂತು ಅನ್ನುವುದು ಬಹಳ ಸಲ ತಪ್ಪು ಲೆಕ್ಕ. ಸಿಡುಕುವ ಹೊತ್ತಿಗೆ ದಾಳಿ ಶುರುವಾಗಿ ಆಗಿರುತ್ತದೆ.

ಇನ್ನೊಂದು ಗುಣಾಕಾರ ಮಾಡಿ ನೋಡಿ. ತಿಂಗಳಿಗೆ ನಾಲ್ಕು ದಾಳಿ, ಪ್ರತಿಯೊಂದಕ್ಕೂ ಮುಂಚೆ ಒಂದು ದಿನ, ನೋವಿನದೊಂದು, ಆಮೇಲೆ ಒಂದು. ಹನ್ನೆರಡು ದಿನ ಹೋಯಿತು. ಡಾಕ್ಟರ ಮುಂದೆ ಕೂತಾಗ ಎಲ್ಲರೂ ಹೇಳುವುದು ‘ತಿಂಗಳಿಗೆ ನಾಲ್ಕು ದಿನ ಸರ್’. ದಾಳಿ ಬಾರದಂತೆ ದಿನವೂ ನುಂಗುವ ತಡೆ ಔಷಧ ಬೇಕೋ ಬೇಡವೋ ಎನ್ನುವ ತೀರ್ಮಾನ ಈ ಒಂದು ಸಂಖ್ಯೆಯ ಮೇಲೆ ಬಹಳಷ್ಟು ನಿಂತಿರುತ್ತದೆ.

ಮದ್ದೂರ್_ವಡೆ

ಸಿಸ್ಟರ್ ಏಳಿದ್ದು ಸರಿ. ನಮ್ ಕಡೆ ಇದುನ್ನೆಲ್ಲಾ ಪಿತ್ತ ಅಂತ ಒಂದೇ ಮಾತ್ನಲ್ಲಿ ಮುಗಿಸ್ಬುಡ್ತಾರೆ. ವಾಂತಿ ಆದ್ಮೇಲೆ ಕೆಲವ್ರಿಗೆ ತಲೆ ಅಗುರಾಯ್ತದಲ್ಲ, ಅದ್ಕೇ ಪಿತ್ತ ಕಳೀತು ಅಂತ. ಅಸಲಿ ಇಸ್ಯ, ದಾಳಿ ಟೈಮಲ್ಲಿ ಒಟ್ಟೆ ಕೆಲ್ಸ ನಿದಾನ ಆಗೋಯ್ತದೆ. ತಿಂದದ್ದು ಅಂಗೇ ಕುಂತಿರ್ತದೆ, ನುಂಗಿದ್ ಗುಳ್ಗೆನೂ ಅಲ್ಲೇ ಕುಂತಿರ್ತದೆ.

ಇನ್ನೊಂದು. ಆಲೆಮನೆ ತಾವ ಬಿಸಿಬೆಲ್ಲ ತಿಂದೆ, ತಲೆನೋವ್ ಬಂತು; ಮದ್ವೆ ಮನೇಲಿ ಮೈಸೂರ್ ಪಾಕ್ ತಿಂದೆ, ತಲೆನೋವ್ ಬಂತು ಅಂತಾರೆ. ಯಾವತ್ತೂ ಸಿಹಿ ಬೇಡ ಅನ್ನೋನು ಅವತ್ತೇ ಯಾಕೆ ಬಾಯಿ ಚಪಲ ಅಂತ ತಿಂದ? ಆಸೆನೇ ದಾಳಿದು. ಬೆಲ್ಲುದ್ ಮೇಲೆ ಕೇಸ್ ಹಾಕ್ಬುಟ್ರೆ ಕಳ್ಳ ತಪ್ಪುಸ್ಕೊಂಡ.

ಮನೋ_ಆಪ್ತ

ಬೇರ್ಪಡಿಸುವುದಕ್ಕೆ ಒಂದೇ ಸಾಧನ, ದಿನಚರಿ. ಆದರೆ ‘ಇಂದು ತಲೆನೋವು’ ಎಂದು ಕ್ಯಾಲೆಂಡರಿನಲ್ಲಿ ಗುಂಡು ಸುತ್ತುವ ದಿನಚರಿಯಿಂದ ಮನಸ್ಸಿನ ವಿಷಯ ಏನೂ ತಿಳಿಯುವುದಿಲ್ಲ. ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ತಲಾ ಒಂದು ನಿಮಿಷ. ಸಿಡುಕು, ಬೇಸರ, ಮಂಕು, ನೋವು ನಾಲ್ಕಕ್ಕೂ 0ಯಿಂದ 3ರವರೆಗೆ ಅಂಕ. ಪಕ್ಕದಲ್ಲಿ ನಿದ್ದೆಯ ಗಂಟೆ, ನುಂಗಿದ ಗುಳಿಗೆಯ ಹೆಸರು ಮತ್ತು ಹೊತ್ತು, ಹೆಂಗಸರಾದರೆ ಮುಟ್ಟಿನ ಎಷ್ಟನೇ ದಿನ ಎಂಬುದು. ನೋವಿಲ್ಲದ ದಿನವೂ ಬರೆಯಬೇಕು. ಜನ ಎಡವುವುದು ಇಲ್ಲೇ. ಚೆನ್ನಾಗಿರುವ ದಿನ ಪುಸ್ತಕ ನೆನಪಾಗುವುದಿಲ್ಲ.

ಎಂಟು ವಾರವಾದ ಮೇಲೆ ಹೀಗೆ ಓದಿ. ಪ್ರತಿ ದಾಳಿಯಲ್ಲೂ ನೋವು ಶುರುವಾದ ಗಂಟೆಯನ್ನು ಸೊನ್ನೆ ಎಂದು ಇಟ್ಟುಕೊಂಡು ಹಿಂದಕ್ಕೆ 48 ಗಂಟೆ, ನೋವು ಮುಗಿದಲ್ಲಿಂದ ಮುಂದಕ್ಕೆ 48 ಗಂಟೆ ಗುರುತು ಹಾಕಿ. ಸಿಡುಕಿನ ಅಂಕ ಸೊನ್ನೆಯ ಎಡಕ್ಕೆ, ಮಂಕಿನ ಅಂಕ ಬಲಕ್ಕೆ ಗುಂಪುಗೂಡಿದ್ದರೆ ಅವು ದಾಳಿಯ ಹಂತಗಳು. ಬೇಸರದ ಅಂಕ ಗುರುತುಗಳಿಗೆ ಸಂಬಂಧವೇ ಇಲ್ಲದೆ ತಿಂಗಳುದ್ದಕ್ಕೂ 2, 3 ಎಂದು ಹರಡಿದ್ದರೆ ಅದು ಬೇರೆ ವಿಷಯ. ಹೊಸ ಗುಳಿಗೆ ಶುರುವಾದ ತಾರೀಖಿನಿಂದ ಅಂಕ ಏರಿದ್ದರೆ ಗುಳಿಗೆಯನ್ನು ಅನುಮಾನಿಸಿ.

ಸುಳ್ಳು ಸೂಚನೆಯನ್ನೂ ಎಣಿಸಿ. ಸಿಡುಕು ಬಂದು ಎರಡು ದಿನದೊಳಗೆ ನೋವು ಬಾರದ ಸಲಗಳೇ ಹೆಚ್ಚಿದ್ದರೆ ನಿಮ್ಮ ಪಾಲಿಗೆ ಸಿಡುಕು ನಂಬಬಹುದಾದ ಮುನ್ಸೂಚನೆ ಅಲ್ಲ. ಆಕಳಿಕೆಯೂ ಕತ್ತು ಬಿಗಿತವೂ ಜೊತೆಗಿದ್ದರೆ ಆಗ ನಂಬಿ.

ಪಾಂಡವಪುರ_ಮೇಷ್ಟ್ರು

ಮುಟ್ಟಿನ ದಿನ ಬರೆಯಲು ಹೇಳಿದ್ದು ಯಾಕೆ? ಮುಟ್ಟಿನ ಮುಂಚೆ ಸಿಡುಕು ಎಷ್ಟೋ ಜನಕ್ಕೆ ಇದ್ದದ್ದೇ ಅಲ್ಲವೇ?

ಮನೋ_ಆಪ್ತ

ಇದ್ದದ್ದೇ, ಅದಕ್ಕೇ ಗೊಂದಲ. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮುಟ್ಟಿನ ಮೂರನೇ ದಿನದವರೆಗಿನ ಕಿಟಕಿಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕುಸಿಯುವುದರಿಂದ ಮೈಗ್ರೇನ್ ಹೆಚ್ಚು. ಆ ಹೊತ್ತಿನ ದಾಳಿಗಳು ಉದ್ದವೂ ಹೌದು, ಮೊಂಡೂ ಹೌದು. ಮೂರು ತಿಂಗಳಲ್ಲಿ ಎರಡು ತಿಂಗಳಾದರೂ ಈ ಕಿಟಕಿಯಲ್ಲೇ ಬಂದರೆ ಡಾಕ್ಟರಿಗೆ ಹೇಳಬೇಕು. ಆ ಐದಾರು ದಿನಕ್ಕೆ ಮಾತ್ರ ಔಷಧ ಕೊಡುವ ಕ್ರಮವೂ ಉಂಟು.

ವಾರ್ಡ್_ಸಿಸ್ಟರ್

ಆರಾ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕಾಗ್ರತೆಗೂ ಅದಕ್ಕೂ ನೇರ ಸಂಬಂಧವಿದೆ. ಕಣ್ಣ ಮುಂದೆ ಅಂಕುಡೊಂಕು ಹೊಳೆಯುವ ಗೆರೆ, ನಡುವೆ ಕಾಣದ ಒಂದು ತೇಪೆ. ಅದು ನಿಧಾನ ಹರಡುತ್ತದೆ. ಮೆದುಳಿನ ಹೊರಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಒಂದು ಅಲೆ ಸಾಗುತ್ತದೆ, ಅದರ ಬೆನ್ನಿಗೆ ಆ ಜಾಗದ ನರಕೋಶಗಳು ಸ್ವಲ್ಪ ಹೊತ್ತು ಮೌನವಾಗುತ್ತವೆ. ಲಾಶ್ಲಿ ಎಂಬ ಮನೋವಿಜ್ಞಾನಿ ತನಗೇ ಬರುತ್ತಿದ್ದ ಆರಾದ ಚಿತ್ರ ಬರೆದು 1941ರಲ್ಲಿ ಈ ವೇಗವನ್ನು ಊಹಿಸಿದ್ದ. ಬ್ರೆಜಿಲಿನ ಲಿಯಾಂವ್ ಅಂಥದೇ ಅಲೆಯನ್ನು ಮೊಲದ ಮೆದುಳಿನಲ್ಲಿ 1944ರಲ್ಲಿ ತೋರಿಸಿದ. ಅಲೆ ಮಾತಿನ ಜಾಗಕ್ಕೆ ತಲುಪಿದರೆ ಪದ ಸಿಗುವುದಿಲ್ಲ, ಓದಿದರೆ ಅಕ್ಷರ ಕಾಣುತ್ತದೆ, ಅರ್ಥ ಹತ್ತುವುದಿಲ್ಲ.

ಪಾರ್ಶ್ವವಾಯುವಿಗೂ ಇದಕ್ಕೂ ವ್ಯತ್ಯಾಸ: ಆರಾ ನಿಮಿಷಗಳಲ್ಲಿ ಹರಡುತ್ತದೆ, ಮೊದಲು ಕಣ್ಣು, ಆಮೇಲೆ ಕೈ ಜೋಮು, ಆಮೇಲೆ ಮಾತು ಎಂದು ಒಂದಾದ ಮೇಲೊಂದು ಬರುತ್ತದೆ. ಪಾರ್ಶ್ವವಾಯು ಸಾಮಾನ್ಯವಾಗಿ ಒಮ್ಮೆಲೇ ಬಡಿಯುತ್ತದೆ. ಜೀವನದಲ್ಲಿ ಮೊದಲ ಸಲ ಮಾತು ತಡವರಿಸಿದರೆ, ಕೈ ಸೋತರೆ, ಇದೆಲ್ಲ ಲೆಕ್ಕ ಹಾಕುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಆರಾ ಇರುವ ಹೆಂಗಸರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳಬಾರದು. ಪಾರ್ಶ್ವವಾಯುವಿನ ಅಪಾಯ ಏರುತ್ತದೆ.

ಹೆಬ್ಬಾಳ್_ಶಿಫ್ಟ್

ವಾಹನದ ಬಗ್ಗೆ ಹೇಳಲೇಬೇಕು. ಆರಾದಲ್ಲಿ ಕಾಣದ ತೇಪೆಯನ್ನು ಮೆದುಳು ತಾನೇ ತುಂಬಿಸಿಬಿಡುತ್ತದೆ, ಅಲ್ಲಿ ಏನೂ ಕಾಣುತ್ತಿಲ್ಲ ಎಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ವಿ.ಸಿ. ನಾಲೆ ಏರಿಯ ಮೇಲೆ ತಡೆಗೋಡೆ ಇಲ್ಲದ ಕಡೆ ಬೈಕಿನಲ್ಲಿ ಹೋಗುವಾಗ ಇದು ಸಣ್ಣ ವಿಷಯವಲ್ಲ. ಗೆರೆ ಕಂಡ ಕೂಡಲೇ ಗಾಡಿ ಬದಿಗೆ, ಪೂರ್ತಿ ತಿಳಿಯಾಗುವವರೆಗೆ ನಿಲ್ಲಿ. ಪ್ರೆಸ್, ಲೇತ್, ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಮಾತು.

ಪಾಂಡವಪುರ_ಮೇಷ್ಟ್ರು

ಏಕಾಗ್ರತೆಯ ವಿಷಯದಲ್ಲಿ ಯಾವ ಕೆಲಸ ಕೆಡುತ್ತದೆ, ಯಾವುದು ಕೆಡುವುದಿಲ್ಲ ಎಂದು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಬುದ್ಧಿವಂತಿಕೆ ಎಲ್ಲಿಗೂ ಹೋಗಿರುವುದಿಲ್ಲ. ಕುಂಠಿತವಾಗುವುದು ವೇಗ, ಮತ್ತು ಒಂದನ್ನು ತಲೆಯಲ್ಲಿ ಹಿಡಿದುಕೊಂಡೇ ಇನ್ನೊಂದನ್ನು ಮಾಡುವ ಶಕ್ತಿ. ಹಾಗಾಗಿ ಕೂಡು ಲೆಕ್ಕ, ಅಂಕಪಟ್ಟಿ ತುಂಬುವುದು, ಮೂರ್ನಾಲ್ಕು ಜನ ಒಟ್ಟಿಗೆ ಮಾತಾಡುವ ಸಭೆ, ಹೊಸ ವಿಷಯ ಓದುವುದು ಮೊದಲು ಕೆಡುತ್ತವೆ. ಕೈಗೆ ಒಗ್ಗಿದ ಕೆಲಸ ನಡೆಯುತ್ತದೆ: ಕಡತ ಜೋಡಿಸುವುದು, ಪಾತ್ರೆ, ಗಿಡಕ್ಕೆ ನೀರು, ಹಾಜರಿ ಪುಸ್ತಕಕ್ಕೆ ಗೆರೆ ಹಾಕುವುದು.

ನೋವು ಇಳಿದ ಮಾರನೆಯ ದಿನ ಜನ ಮಾಡುವ ತಪ್ಪು, ನಿನ್ನೆ ಬಿಟ್ಟ ಕೆಲಸವನ್ನೂ ಇವತ್ತಿಗೇ ತುಂಬಿಕೊಳ್ಳುವುದು. ಆ ದಿನ ಉತ್ತರ ಪತ್ರಿಕೆ ತಿದ್ದಿದರೆ ಕೂಡುವುದರಲ್ಲಿ ತಪ್ಪು ನುಸುಳುತ್ತದೆ. ತಿದ್ದಲೇಬೇಕಾದರೆ ಅಂಕ ಹಾಕುವ ಕೆಲಸ ಒಂದು ದಿನ, ಕೂಡುವ ಕೆಲಸ ಇನ್ನೊಂದು ದಿನ. ಕೂತಲ್ಲಿ ಹದಿನೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು. ಹಣ ಕಳಿಸುವುದಿದ್ದರೆ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಪಕ್ಕದವರು ಒಮ್ಮೆ ನೋಡಲಿ. ಸಿಟ್ಟಿನ ವಾಟ್ಸಾಪ್ ಸಂದೇಶ ಬರೆದರೂ ಕಳಿಸಬೇಡಿ, ನೋವು ಇಳಿದು ಒಂದು ದಿನ ಕಳೆದ ಮೇಲೆ ಓದಿ ನೋಡಿ. ಹೆಚ್ಚಿನವು ಅಳಿಸಿ ಹೋಗುತ್ತವೆ.

ಮಕ್ಕಳಲ್ಲಿ ಇದು ಬೇರೆ ರೂಪದಲ್ಲಿರುತ್ತದೆ. ನೋವು ಎರಡೂ ಕಡೆ ಇರಬಹುದು, ಎರಡು ಗಂಟೆಯಲ್ಲೇ ಮುಗಿಯಬಹುದು, ಹೊಟ್ಟೆನೋವೇ ಮುಂದಿರಬಹುದು. ಮುಖ ಬಿಳಿಚಿಕೊಂಡು, ಎರಡನೇ ಪಿರಿಯಡ್‌ನಲ್ಲಿ ಬೆಂಚಿಗೆ ತಲೆ ಇಟ್ಟ ಮಗುವನ್ನು ಸೋಮಾರಿ ಎಂದು ಎಬ್ಬಿಸಿ ನಿಲ್ಲಿಸುವ ಮೊದಲು ತಿಂಡಿ ತಿಂದಿದೆಯೇ ಎಂದು ಕೇಳಿ.

ಕುವೆಂಪುನಗರ_ಲೆಕ್ಚರರ್

ಈ ಮಂಕು ವರ್ಷಗಟ್ಟಲೆ ಬಂದರೆ ಮರೆವಿನ ಕಾಯಿಲೆಗೆ ತಿರುಗುತ್ತದೆಯೇ? ಎಂಆರ್‌ಐಯಲ್ಲಿ ಬಿಳಿ ಚುಕ್ಕೆ ಇದೆ ಎಂದು ಹೆದರಿಕೊಂಡವರು ಸಾಕಷ್ಟಿದ್ದಾರೆ.

ವಾರ್ಡ್_ಸಿಸ್ಟರ್

ದಾಳಿಯ ಮಂಕು ದಾಳಿಯೊಂದಿಗೆ ಹೋಗುತ್ತದೆ. ಬಿಳಿ ಚುಕ್ಕೆಗಳು ಮೈಗ್ರೇನ್ ಇರುವವರಲ್ಲಿ ಕಾಣುವುದು ಸಾಮಾನ್ಯ, ಅವುಗಳಿಂದಲೇ ಬುದ್ಧಿ ಕುಗ್ಗುತ್ತದೆ ಎಂದು ತೋರಿಬಂದಿಲ್ಲ. ಆದರೆ ದಾಳಿ ಇಲ್ಲದ ವಾರದಲ್ಲೂ ಮಂಕು ಇದ್ದರೆ ನಿದ್ದೆ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಆಮೇಲೆ ಗುಳಿಗೆ ಚೀಟಿ ತೆಗೆದು ನೋಡಿ.

ಗುಳಿಗೆ_ಲೆಕ್ಕ

ಚೀಟಿ ಅಂದಿರಿ, ಬಂದೆ. ಇಲ್ಲಿ ಬರೆಯುವುದು ನಿಮ್ಮ ಚೀಟಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ. ಕೌಂಟರಿಗೆ ಬಂದು ಹೆಸರು ಹೇಳಿ ಕೊಳ್ಳುವುದಕ್ಕಲ್ಲ.

ತಡೆ ಔಷಧಗಳಲ್ಲಿ ಮನಸ್ಸಿನ ಮೇಲೆ ಹೆಚ್ಚು ಕಣ್ಣಿಡಬೇಕಾದ್ದು ಫ್ಲುನಾರಿಜಿನ್. ರಾತ್ರಿ 5 ಅಥವಾ 10 ಮಿ.ಗ್ರಾಂ. ಕೆಲಸ ಮಾಡುತ್ತದೆ, ಅಗ್ಗ, ನಮ್ಮ ಊರುಗಳಲ್ಲಿ ಧಾರಾಳವಾಗಿ ಬರೆಯುತ್ತಾರೆ. ತೂಕ ಏರುತ್ತದೆ, ಬೆಳಿಗ್ಗೆ ಜೋಂಪು. ಅದಕ್ಕಿಂತ ಮುಖ್ಯ, ಖಿನ್ನತೆ ತರಬಲ್ಲದು. ಹಿಂದೆ ಖಿನ್ನತೆ ಆಗಿದ್ದವರಿಗೆ, ಪಾರ್ಕಿನ್ಸನ್ ಲಕ್ಷಣ ಇರುವವರಿಗೆ ಇದು ನಿಷಿದ್ಧ. ತೊಂದರೆ ಏನೆಂದರೆ ಬೇಸರ ವಾರಗಳ ಮೇಲೆ ಮೆಲ್ಲಗೆ ಇಳಿಯುತ್ತದೆ, ಅಷ್ಟು ಹೊತ್ತಿಗೆ ಗುಳಿಗೆ ಶುರು ಮಾಡಿದ್ದು ಮರೆತಿರುತ್ತದೆ. ವಯಸ್ಸಾದವರಲ್ಲಿ ಕೈ ನಡುಗಿದರೆ, ನಡಿಗೆ ನಿಧಾನವಾದರೆ ತಕ್ಷಣ ಹೇಳಿ. ಫ್ಲುನಾರಿಜಿನ್ ಮತ್ತು ಪ್ರೊಪ್ರನೊಲಾಲ್ ಎರಡನ್ನೂ ಸೇರಿಸಿದ ಕ್ಯಾಪ್ಸೂಲ್ ಇದೆ. ಅದನ್ನು ನುಂಗುವ ಎಷ್ಟೋ ಜನರಿಗೆ ತಾವು ಎರಡು ಔಷಧ ತೆಗೆದುಕೊಳ್ಳುತ್ತಿದ್ದೇವೆ ಎಂದೇ ತಿಳಿದಿರುವುದಿಲ್ಲ. ಪಟ್ಟಿಯ ಹಿಂಬದಿ ಓದಿ.

ಪ್ರೊಪ್ರನೊಲಾಲ್: ಆಯಾಸ, ಕೈಕಾಲು ತಣ್ಣಗೆ, ಕೆಟ್ಟ ಕನಸು. ಆಸ್ತಮಾ ಇದ್ದವರಿಗೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಬರುವ ಎದೆಬಡಿತವನ್ನು ಮುಚ್ಚಿಡುತ್ತದೆ. ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತ ಬರಬೇಕು.

ಟೊಪಿರಾಮೇಟ್: ಇದು ಏಕಾಗ್ರತೆಯ ಶತ್ರು. ಗೊತ್ತಿರುವ ಪದವೇ ನಾಲಿಗೆಗೆ ಬರುವುದಿಲ್ಲ. ಪಾಠ ಮಾಡುವವರಿಗೆ, ವಕೀಲರಿಗೆ ಬಲು ಕಷ್ಟ. 25 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೆ 25ರಂತೆ ಮಾತ್ರ ಏರಿಸುವುದು ಅದಕ್ಕೇ. ಸಾಮಾನ್ಯವಾಗಿ 50ರಿಂದ 100 ಸಾಕಾಗುತ್ತದೆ. ಬೆರಳು ಜುಮ್ಮೆನ್ನುವುದು, ಸೋಡಾ ರುಚಿ ಕೆಡುವುದು, ತೂಕ ಇಳಿಯುವುದು, ಕಿಡ್ನಿ ಕಲ್ಲು, ಇವೂ ಅದರವೇ. ಬಸುರಿಯರಿಗೆ, ಬಸುರಾಗುವ ಯೋಚನೆಯಲ್ಲಿರುವವರಿಗೆ ಕೊಡಬಾರದು. ಇನ್ನೊಂದು ತಡೆ ಔಷಧ ವಾಲ್ಪ್ರೊಯೇಟಿಗೂ ಅದೇ ಮಾತು, ಇನ್ನೂ ಗಟ್ಟಿಯಾಗಿ.

ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ. ಮಲಗುವಾಗ ನುಂಗಿದರೆ ಬೆಳಿಗ್ಗೆ ಹತ್ತರವರೆಗೆ ಕಣ್ಣು ಬಿಡಲಾಗುವುದಿಲ್ಲ ಅನ್ನುವವರು ಮಲಗುವ ಎರಡು ಗಂಟೆ ಮುಂಚೆ ತೆಗೆದುಕೊಂಡು ನೋಡಬಹುದೇ ಎಂದು ಡಾಕ್ಟರನ್ನು ಕೇಳಿ. ಇದು ಖಿನ್ನತೆಯ ಗುಳಿಗೆ ಅಲ್ಲವೇ ಎಂದು ಹೆದರುವವರಿಗೂ, ಖಿನ್ನತೆಗೂ ಇದೇ ಸಾಕು ಎಂದುಕೊಳ್ಳುವವರಿಗೂ ಒಂದೇ ಉತ್ತರ: 10-25 ಮಿ.ಗ್ರಾಂ ಖಿನ್ನತೆಗೆ ಕೊಡುವ ಪ್ರಮಾಣವಲ್ಲ. ಎರಡೂ ಇರುವವರಿಗೆ ವೆನ್ಲಾಫ್ಯಾಕ್ಸಿನ್ ಎಂಬುದಿದೆ, ಎರಡಕ್ಕೂ ಆಗುತ್ತದೆ.

ಯಾವುದೇ ತಡೆ ಔಷಧ ಸರಿಯಾದ ಪ್ರಮಾಣಕ್ಕೆ ತಲುಪಿದ ಮೇಲೆ ಎಂಟು ವಾರವಾದರೂ ಕೊಡದೆ ‘ಹಿಡಿಸಲಿಲ್ಲ’ ಅನ್ನಬೇಡಿ. ಹತ್ತು ದಿನ ನುಂಗಿ ಬಿಟ್ಟು ಬೇರೆ ಡಾಕ್ಟರ ಹತ್ತಿರ ಹೋಗುವುದೇ ನಮ್ಮಲ್ಲಿ ದೊಡ್ಡ ರೋಗ.

ಮದ್ದೂರ್_ವಡೆ

ನೋವ್ ಬಂದಾಗ ನುಂಗೋದ್ ಏನು ಮತ್ತೆ? ತಡ ಮಾಡ್ಬ್ಯಾಡಿ ಅಂತಾರೆ, ಜಾಸ್ತಿ ನುಂಗ್ಬ್ಯಾಡಿ ಅಂತಾನೂ ಅಂತಾರೆ. ಯಾವ್ದುನ್ನ ನಂಬೋದು?

ಗುಳಿಗೆ_ಲೆಕ್ಕ

ಎರಡೂ ನಿಜ. ನೋವು ಸಣ್ಣಗಿರುವಾಗಲೇ, ಮೊದಲ ಒಂದು ಗಂಟೆಯೊಳಗೆ, ಪೂರ್ತಿ ಪ್ರಮಾಣ. ದೊಡ್ಡವರಿಗೆ ಪ್ಯಾರಾಸಿಟಮಾಲ್ 1000 ಮಿ.ಗ್ರಾಂ, ಇಲ್ಲವೇ ನ್ಯಾಪ್ರೋಕ್ಸೆನ್ 500, ಹೊಟ್ಟೆ ಹುಣ್ಣು ಮತ್ತು ಕಿಡ್ನಿ ತೊಂದರೆ ಇಲ್ಲದಿದ್ದರೆ. ಅರ್ಧ ಗುಳಿಗೆ ಈಗ, ಅರ್ಧ ಆಮೇಲೆ ಎಂದರೆ ಎರಡೂ ದಂಡ. ಬಾಚಣಿಗೆ ತಾಗಿದರೂ ನೆತ್ತಿ ಉರಿಯುವ ಹಂತ ಬಂದ ಮೇಲೆ ನುಂಗಿದ್ದು ಅರೆಬರೆ ಕೆಲಸ ಮಾಡುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗಿರುವುದರಿಂದ ಡಾಕ್ಟರು ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ 10 ಬರೆಯುತ್ತಾರೆ. ಹೃದಯದ ಲಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಇದಕ್ಕೂ ಬಗ್ಗದಿದ್ದರೆ ಟ್ರಿಪ್ಟಾನ್, ಮೈಗ್ರೇನ್ ನೋವಿಗೆಂದೇ ಇರುವ ಗುಳಿಗೆಗಳ ಗುಂಪು. ಸುಮಟ್ರಿಪ್ಟಾನ್ 50 ಅಥವಾ ರಿಜಾಟ್ರಿಪ್ಟಾನ್ 10. ಆರಾ ಇದ್ದಾಗಲ್ಲ, ನೋವು ಶುರುವಾದಾಗ. ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ರಿಜಾಟ್ರಿಪ್ಟಾನ್ 5ಕ್ಕೆ ಇಳಿಸಬೇಕು, ರಕ್ತದಲ್ಲಿ ಅದರ ಮಟ್ಟ ಏರಿಬಿಡುತ್ತದೆ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ಟ್ರಿಪ್ಟಾನ್ ಇಲ್ಲ.

ಇನ್ನು ಲೆಕ್ಕ. ಪ್ಯಾರಾಸಿಟಮಾಲ್, ನ್ಯಾಪ್ರೋಕ್ಸೆನ್‌ನಂಥ ಸಾದಾ ಗುಳಿಗೆ ತಿಂಗಳಿಗೆ 15 ದಿನ ಮುಟ್ಟಿದರೆ, ಟ್ರಿಪ್ಟಾನ್, ಮೈಗ್ರೇನಿನ ಹಳೆಯ ಔಷಧ ಎರ್ಗೋಟಮಿನ್ ಅಥವಾ ಕೆಫೀನ್ ಸೇರಿದ ಮಿಶ್ರಣ 10 ದಿನ ಮುಟ್ಟಿದರೆ, ಮೂರು ತಿಂಗಳು ಹೀಗೇ ನಡೆದರೆ ಗುಳಿಗೆಯೇ ತಲೆನೋವು ಹುಟ್ಟಿಸುತ್ತದೆ. ಎಣಿಸಬೇಕಾದ್ದು ಗುಳಿಗೆಯನ್ನಲ್ಲ, ಗುಳಿಗೆ ನುಂಗಿದ ದಿನಗಳನ್ನು. ವಾರಕ್ಕೆ ಎರಡು ದಿನದೊಳಗೆ ಇದ್ದರೆ ಸುರಕ್ಷಿತ. ಸಿಡುಕು ಬಂತು, ನಾಳೆ ನೋವು ಬರಬಹುದು ಎಂಬ ಅಂಜಿಕೆಗೇ ನೋವಿನ ಗುಳಿಗೆ ನುಂಗುವವರು ಈ ಗಡಿಯನ್ನು ಬೇಗ ದಾಟುತ್ತಾರೆ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಒಂದು ಮಿಶ್ರಣದಲ್ಲಿ ಎರ್ಗೋಟಮಿನ್, ಕೆಫೀನ್, ಪ್ಯಾರಾಸಿಟಮಾಲ್, ಪ್ರೋಕ್ಲೋರ್ಪೆರಜಿನ್ ನಾಲ್ಕೂ ಇರುತ್ತವೆ. ಕೊನೆಯದರಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಅದನ್ನು ಮನೆಯವರು ‘ಟೆನ್ಷನ್ ಮಾಡಿಕೊಂಡಿದ್ದಾಳೆ’ ಅನ್ನುತ್ತಾರೆ, ಅವಳೂ ನಂಬುತ್ತಾಳೆ. ಮತ್ತೆ, ಎರ್ಗೋಟಮಿನ್ ನುಂಗಿದ 24 ಗಂಟೆಯೊಳಗೆ ಟ್ರಿಪ್ಟಾನ್ ಮುಟ್ಟಬಾರದು.

ಹೆಬ್ಬಾಳ್_ಶಿಫ್ಟ್

ಹಾಗಾದರೆ ಮುನ್ಸೂಚನೆ ಬಂದಾಗ ಮಾಡುವುದೇನು? ಸುಮ್ಮನೆ ಕಾಯುವುದೇ?

ವಾರ್ಡ್_ಸಿಸ್ಟರ್

ಹೊತ್ತಿಗೆ ಸರಿಯಾಗಿ ಊಟ, ಎರಡು ಲೋಟ ನೀರು, ರಾತ್ರಿ ಎಂದಿನ ಹೊತ್ತಿಗೇ ಮಲಗುವುದು, ಗುಳಿಗೆ ಜೇಬಿನಲ್ಲಿದೆಯೇ ನೋಡಿಕೊಳ್ಳುವುದು, ಮಾರನೆಯ ದಿನದ ಭಾರದ ಕೆಲಸ ಸಾಧ್ಯವಾದರೆ ಮುಂದಕ್ಕೆ. ಓವರ್‌ಟೈಮ್ ಒಪ್ಪಿಕೊಳ್ಳಬೇಡಿ. ಪಾಳಿ ಬದಲಾಗುವ ವಾರ ಮೈಗ್ರೇನ್ ಹೆಚ್ಚು; ರಾತ್ರಿ ಪಾಳಿ ಮುಗಿಸಿ ಬಂದವರು ಕೋಣೆಗೆ ದಪ್ಪ ಪರದೆ ಹಾಕಿ ದಿನವೂ ಒಂದೇ ಹೊತ್ತಿಗೆ ಮಲಗಿದರೆ ಅಷ್ಟಾದರೂ ಕಡಿಮೆ. ರಜೆಯ ದಿನ ಹನ್ನೊಂದರವರೆಗೆ ಮಲಗಿ ಏಳುವುದು ಭಾನುವಾರದ ತಲೆನೋವಿಗೆ ಆಹ್ವಾನ. ತಡ ನಿದ್ದೆಯೂ ಆಯಿತು, ಬೆಳಗಿನ ಕಾಫಿಯೂ ತಪ್ಪಿತು.

ಮದ್ದೂರ್_ವಡೆ

ಕಾಪಿ ಬುಡು ಅಂದ್ರೆ ಮೈಸೂರ್ನೋರು ಊರೇ ಬುಟ್ಟಾರು.

ಗುಳಿಗೆ_ಲೆಕ್ಕ

ಬಿಡಬೇಕಾಗಿಲ್ಲ. ದಿನಕ್ಕೆ ಒಟ್ಟು ಕೆಫೀನ್ 200 ಮಿ.ಗ್ರಾಂ ದಾಟದಿರಲಿ, ದಿನವೂ ಅದೇ ಹೊತ್ತು, ಅದೇ ಅಳತೆ. ಗಟ್ಟಿ ಡಿಕಾಕ್ಷನ್ನಿನ ಎರಡು ಸಣ್ಣ ಲೋಟಕ್ಕೆ ನಿಲ್ಲಿಸುವುದು ಕ್ಷೇಮ. ಒಮ್ಮೆಲೇ ಬಿಟ್ಟರೆ ಬಿಟ್ಟದ್ದಕ್ಕೇ ತಲೆನೋವು, ಸಿಡುಕು, ಮಂಕು ಮೂರೂ ಬಂದು ದಿನಚರಿಯನ್ನು ಕೆಡಿಸುತ್ತವೆ. ಕಡಿಮೆ ಮಾಡುವುದಿದ್ದರೆ ಒಂದೆರಡು ವಾರದಲ್ಲಿ ಮೆಲ್ಲಗೆ.

ಪಾಂಡವಪುರ_ಮೇಷ್ಟ್ರು

ಉಪವಾಸವನ್ನು ಮರೆತಿರಿ. ಏಕಾದಶಿ, ಶಿವರಾತ್ರಿ, ಆಷಾಢ ಶುಕ್ರವಾರ ಖಾಲಿ ಹೊಟ್ಟೆಯಲ್ಲಿ ಚಾಮುಂಡಿ ಬೆಟ್ಟದ ಸಾಲು. ಹಸಿವು, ಬಿಸಿಲು, ನಿದ್ದೆಗೇಡು, ಊದುಬತ್ತಿ, ಮಲ್ಲಿಗೆ ಎಲ್ಲ ಒಂದೇ ಬೆಳಿಗ್ಗೆ. ಒಂದೊಂದೇ ಆಗಿದ್ದರೆ ತಡೆಯುತ್ತಿದ್ದ ತಲೆ ಎಲ್ಲ ಒಟ್ಟಾದಾಗ ತಡೆಯುವುದಿಲ್ಲ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಹೊರಟರೆ ಬರುವ ತಲೆನೋವು ನಮ್ಮ ದೇಶದ ವೈದ್ಯರು ದಾಖಲಿಸಿರುವ ವಿಷಯವೇ, ಅಜ್ಜಿಯ ಮಾತೆಂದು ತಳ್ಳಬೇಡಿ. ವ್ರತ ಬಿಡಿ ಅನ್ನುತ್ತಿಲ್ಲ. ಹಣ್ಣು, ಹಾಲು, ಅವಲಕ್ಕಿ ಇರುವ ಉಪವಾಸ ಮಾಡಿ, ನೀರು ನಿಲ್ಲಿಸಬೇಡಿ.

ಮನೋ_ಆಪ್ತ

ಮೂಲ ಪ್ರಶ್ನೆಗೆ ಮರಳುತ್ತೇನೆ: ಖಿನ್ನತೆಯೇ ಅಲ್ಲವೇ? ಮೈಗ್ರೇನ್ ಇರುವವರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು, ಸಂಬಂಧ ಎರಡೂ ದಿಕ್ಕಿನದು. ಖಿನ್ನತೆ ಇರುವವರಲ್ಲಿ ಮೈಗ್ರೇನ್ ಪದೇ ಪದೇ ಬರುವ ಹಂತಕ್ಕೆ, ಅಂದರೆ ತಿಂಗಳಿಗೆ 15 ಅಥವಾ ಹೆಚ್ಚು ತಲೆನೋವಿನ ದಿನಗಳಿಗೆ, ಜಾರುವ ಸಾಧ್ಯತೆಯೂ ಹೆಚ್ಚು.

ಖಿನ್ನತೆ ಅಳೆಯಲು ಆಸ್ಪತ್ರೆಯಲ್ಲಿ ಕೊಡುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಯ ಪಟ್ಟಿಯಲ್ಲಿ ಒಂದು ಬಲೆ ಇದೆ. ಒಟ್ಟು 27 ಅಂಕ, 10 ಮುಟ್ಟಿದರೆ ಗಮನಿಸಬೇಕು ಎಂಬ ವಾಡಿಕೆ. ಅದರಲ್ಲಿ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆಯ ಪ್ರಶ್ನೆಗಳಿವೆ. ವಾರಕ್ಕೆರಡು ದಾಳಿ ಇರುವವರು ಈ ನಾಲ್ಕರಲ್ಲೇ ಏಳೆಂಟು ಅಂಕ ಗಳಿಸಿಬಿಡುತ್ತಾರೆ. ಆದ್ದರಿಂದ ಮೊದಲ ಎರಡನ್ನು ಬೇರೆಯಾಗಿ ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ನೋವಿಲ್ಲದ, ನೋವಿನ ಹಿಂದುಮುಂದಿನದೂ ಅಲ್ಲದ ದಿನಗಳಲ್ಲಿ ಅವು ಇವೆಯೇ? ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದರೆ ಅದು ಮೈಗ್ರೇನಿನ ಬಾಲವಲ್ಲ. ಅದಕ್ಕೆ ಅದರದೇ ಚಿಕಿತ್ಸೆ ಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ, ನೋವಿನ ಹೊತ್ತಿನಲ್ಲಿ ಮಾತ್ರ ಬಂದರೂ, ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಅಷ್ಟಾಗಿ ಯಾರೂ ಹೇಳದ ಪದರ: ದಾಳಿಗಳ ನಡುವಿನ ಭಯ. ಮದುವೆಗೆ ಹೂಂ ಅನ್ನಲು ಹೆದರಿಕೆ, ಪ್ರವಾಸಕ್ಕೆ ಟಿಕೆಟ್ ಮಾಡಲು ಹೆದರಿಕೆ. ನೋವಿನ ದಿನ ಕಡಿಮೆಯಾದರೂ ಇದು ಹೋಗುವುದಿಲ್ಲ, ಜೀವನ ಸಣ್ಣದಾಗುತ್ತಾ ಬರುತ್ತದೆ. ಕೆಲಸಕ್ಕೆ ಬರುವುದು ಯೋಚನೆ, ನಡವಳಿಕೆ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ (ಅರಿವು-ವರ್ತನೆ ಚಿಕಿತ್ಸೆ), ಉಸಿರಾಟದೊಂದಿಗೆ ಸ್ನಾಯು ಸಡಿಲಿಸುವ ಅಭ್ಯಾಸ ದಿನಕ್ಕೆ 15-20 ನಿಮಿಷ. ಅಭ್ಯಾಸ ನೋವಿಲ್ಲದ ದಿನ ಆಗಬೇಕು. ನೋವಿನ ದಿನ ಕಲಿಯಲು ಕೂತರೆ ಸಿಟ್ಟೇ ಬರುತ್ತದೆ.

ಮನೆಯವರಿಗೆ: ‘ಯಾಕೆ ಸಿಡುಕ್ತೀಯ’ ಅನ್ನುವ ಬದಲು ‘ಕತ್ತು ಬಿಗಿದಿದೆಯಾ?’ ಎಂದು ಕೇಳಿ. ಅಷ್ಟು ಸಾಕು. ಸಿಡುಕಿಗೆ ಕಾರಣವಿದೆ ಅಂದಮಾತ್ರಕ್ಕೆ ಮನೆಯವರ ಮೇಲೆ ಕೂಗಾಡಲು ಪರವಾನಗಿ ಸಿಕ್ಕಿತು ಎಂದಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕುವೆಂಪುನಗರ_ಲೆಕ್ಚರರ್

ತೋರಿಸುವುದು ಎಲ್ಲಿ, ಕೈಯಲ್ಲಿ ಏನಿರಬೇಕು?

ವಾರ್ಡ್_ಸಿಸ್ಟರ್

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್. ಮೆಡಿಸಿನ್ ಹೊರರೋಗಿ ವಿಭಾಗದಿಂದ ಶುರುಮಾಡಿ. ಸಾಮಾನ್ಯ ಮೈಗ್ರೇನಿಗೆ ಎಂಆರ್‌ಐ ಬೇಕಾಗುವುದಿಲ್ಲ, ನೀವಾಗಿ ಮಾಡಿಸಿಕೊಂಡು ಹೋಗಬೇಡಿ. ಬೇಕಾಗುವುದು ಯಾವಾಗೆಂದರೆ: ಒಂದು ನಿಮಿಷದಲ್ಲಿ ಸಿಡಿಲಿನಂತೆ ಏರಿದ ನೋವು, 50ರ ನಂತರ ಮೊದಲ ಸಲ ಬಂದದ್ದು, ಜ್ವರ ಮತ್ತು ಕತ್ತು ಬಿಗಿತ, ಕೈಕಾಲು ಸೋಲು, ಬಸುರಿ ಬಾಣಂತಿಯರಲ್ಲಿ ಹೊಸದಾಗಿ ಶುರುವಾದದ್ದು, ಕೆಮ್ಮಿದರೆ ಮಲಗಿದರೆ ಹೆಚ್ಚಾಗುವುದು. ತಲೆಸುತ್ತೇ ಮುಖ್ಯ ತೊಂದರೆಯಾಗಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆ ಮಾಡುತ್ತಾರೆ. ಮೈಗ್ರೇನ್‌ನಲ್ಲೇ ತಲೆಸುತ್ತಿನ ಒಂದು ಬಗೆ ಇದೆ.

ಕೈಯಲ್ಲಿ ದಿನಚರಿ, ಈವರೆಗಿನ ಗುಳಿಗೆಗಳ ಹೆಸರು, ಪ್ರಮಾಣ, ಎಷ್ಟು ವಾರ. ಐದು ನಿಮಿಷ ಸಿಕ್ಕರೆ ಮೊದಲ ವಾಕ್ಯ ಹೀಗಿರಲಿ: ‘ತಿಂಗಳಿಗೆ ಇಷ್ಟು ದಿನ ನೋವು, ಇಷ್ಟು ದಿನ ಮಂಕು, ಇಷ್ಟು ದಿನ ಗುಳಿಗೆ.’

ಹೆಬ್ಬಾಳ್_ಶಿಫ್ಟ್

ಅಂಗವಿಕಲತೆ ಪ್ರಮಾಣಪತ್ರದ ಬಗ್ಗೆ ಕೇಳುವವರಿಗೆ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಮೈಗ್ರೇನ್ ಹೆಸರಿಲ್ಲ. ಕಾರ್ಖಾನೆಯಲ್ಲಿ ಉಪಯೋಗಕ್ಕೆ ಬರುವುದು ಡಾಕ್ಟರ ಪತ್ರ. ಅದರಲ್ಲಿ ‘ವಿಶ್ರಾಂತಿ ಬೇಕು’ ಎಂದಿದ್ದರೆ ಏನೂ ಪ್ರಯೋಜನವಿಲ್ಲ. ಪಾಳಿ ತಿಂಗಳಿಗೊಮ್ಮೆ ಮಾತ್ರ ಬದಲಿಸಿ, ಮಿಣುಕುವ ದೀಪದ ಕೆಳಗೆ ಕೂರಿಸಬೇಡಿ, ದಾಳಿಯ ದಿನ ಯಂತ್ರದ ಕೆಲಸ ಬೇಡ ಎಂದು ಬಿಡಿಸಿ ಬರೆಸಿ.

ದೀಪದ_ಕೆಳಗೆ

ಎಲೆಕ್ಟ್ರಿಕಲ್ ಕೆಲಸದವನು, ಮಿಣುಕು ಅಂದದ್ದಕ್ಕೆ ಬಂದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದು, ಮೈಗ್ರೇನ್ ತಲೆಗೆ ತಾಗುತ್ತದೆ. ಅಗ್ಗದ ಎಲ್‌ಇಡಿಯೂ ಹಾಗೇ, ಒಳಗಿನ ಡ್ರೈವರ್ ಕಳಪೆ. ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ದೀಪದ ಕಡೆ ಹಿಡಿಯಿರಿ. ದೀಪ ಉರಿದು ಆರಿ ಆಗುತ್ತಿದ್ದರೆ ಅದನ್ನು ಬದಲಿಸಿ. ದೀಪ ಬೆನ್ನ ಹಿಂದೆ ಅಥವಾ ಗೋಡೆಗೆ ಬಡಿದು ಬರುವಂತಿರಲಿ. ಮನೆಯೊಳಗೆ ಇಡೀ ದಿನ ಕಪ್ಪು ಕನ್ನಡಕ ಹಾಕಿಕೊಂಡರೆ ಕಣ್ಣು ಕತ್ತಲೆಗೆ ಒಗ್ಗಿ ಆಮೇಲೆ ಸಾದಾ ಬೆಳಕೂ ಚುಚ್ಚುತ್ತದೆ. ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಕನ್ನಡಕ ಅದಕ್ಕಿಂತ ಮೇಲು.

ಮದ್ದೂರ್_ವಡೆ

ದಸರಾ ಲೈಟಿಂಗ್ ಏನ್ ಮಾಡದು ಅಣ್ಣಾ? ಮಕ್ಳು ಬುಡಲ್ಲ.

ದೀಪದ_ಕೆಳಗೆ

ಅರಮನೆಯ ಬಲ್ಬುಗಳು ಒಂದೇ ಸಮ ಉರಿಯುತ್ತವೆ, ದೂರದಲ್ಲಿ ನಿಂತು ನೋಡಿದರೆ ಅಷ್ಟು ತೊಂದರೆ ಕೊಡುವುದಿಲ್ಲ. ಕೊಡುವುದು ರಸ್ತೆಗಳ ಮೇಲೆ ಓಡುವ, ಹೊಳೆದು ಆರುವ ಬಣ್ಣದ ಸರಗಳು, ಜೊತೆಗೆ ಟ್ರಾಫಿಕ್ಕಿನಲ್ಲಿ ಎದುರು ಹೆಡ್‌ಲೈಟ್. ಊಟ ಮುಗಿಸಿಕೊಂಡು ಹೊರಡಿ, ಟೊಪ್ಪಿಗೆಯ ಅಂಚು ಮುಂದಕ್ಕಿರಲಿ, ಗಾಡಿ ಬೇರೆಯವರು ಓಡಿಸಲಿ. ಆಕಳಿಕೆ ಶುರುವಾಗಿರುವ ದಿನ ಬೇಡ. ಹತ್ತು ದಿನ ಇರುತ್ತದಲ್ಲ, ಇನ್ನೊಂದು ಸಂಜೆ ಹೋಗಿ.